ಅಕ್ಕನ ಸೈಕಲ್‌ಗೆ ಸ್ಟಾಂಡ್ ಹಾಕಿಸಿದ್ದು

ಹೊಸ ಟೈರಿನ ರಬ್ಬರ್ ವಾಸನೆ ನಿಮಗೆ ಸೇರುತ್ತದೆಯೋ ಇಲ್ಲವೋ, ನನಗಂತೂ ಅದು ತಲೆನೋವು ತರಿಸುತ್ತದೆ. ಆದರೂ ಕಳೆದ ವಾರ ದಿಲ್‌ಸುಖ್‌ನಗರದ ಒಂದು ಸೈಕಲ್ ಅಂಗಡಿಯಲ್ಲಿ ಮೂಗಿಗೆ ಸೆರಗು ಹಿಡಿದುಕೊಂಡು ಮಧ್ಯಾಹ್ನವೆಲ್ಲ ಕೂತಿದ್ದೆ. ಕೂರಿಸಿದವಳು ನಮ್ಮ ಅಕ್ಕ ಸರೋಜಾ. ಅವಳ ಮೊಮ್ಮಗಳಿಗೆ ಸೈಕಲ್ ಬೇಕಂತೆ, ಅಜ್ಜಿ ಕೊಡಿಸುತ್ತೇನೆಂದು ಮಾತು ಕೊಟ್ಟುಬಿಟ್ಟಿದ್ದಾಳೆ. ಕೊಡಿಸಲಿ, ಬೇಡವೆಂದವರು ಯಾರು? ಆದರೆ ಅಕ್ಕ ಇರುವುದು ಲಿಂಗಂಪಲ್ಲಿಯಲ್ಲಿ. ಅಲ್ಲಿ ಸೈಕಲ್ ಅಂಗಡಿಗಳಿಗೇನು ಬರವೇ? ಅದನ್ನು ಬಿಟ್ಟು ಊರಿನ ಆ ತುದಿಯಿಂದ ಈ ತುದಿಗೆ ಆಟೋ ಹತ್ತಿ, ಮೆಟ್ರೋ ಹತ್ತಿ ಬಂದು, ಉಪ್ಪಲ್‌ನಲ್ಲಿ ಊಟ ಮುಗಿಸಿ ಇನ್ನೇನು ಅಡ್ಡಾಗಬೇಕು ಎಂದಿದ್ದ ನನ್ನನ್ನೂ ಎಬ್ಬಿಸಿ ಕರೆಸಿಕೊಂಡಿದ್ದಳು. ಯಾಕೆಂದು ಫೋನಿನಲ್ಲಿ ಕೇಳಿದರೆ, "ದಿಲ್‌ಸುಖ್‌ನಗರದಾಗ ಭಾಳ ಅಂಗಡಿ ಅದಾವ, ಬಾ ಸುಮ್ನ," ಎಂದಳು. ದೊಡ್ಡವಳ ಮಾತು. ಹೋದೆ.

ಸೈಕಲ್ ಆರಿಸಿದ್ದಾಯಿತು. ನೀಲಿ ಬಣ್ಣ, ತೆಳ್ಳಗಿನ ಸೀಟು, ಗೇರು. ಅಂಗಡಿಯವನು ಒಂದು ಮಾತು ಹೇಳಿದ: ಈಗಿನ ಇಂಥ ಸೈಕಲ್‌ಗಳಿಗೆ ಸ್ಟಾಂಡ್ ಜೊತೆಗೆ ಬರುವುದಿಲ್ಲ ಮೇಡಂ, ಬೇರೆ ಹಾಕಿಸಿಕೊಳ್ಳಬೇಕು. ನಾನು ಸಹಜವಾಗಿ, "ಹಾಕಿಬಿಡಿ ಮತ್ತೆ," ಎಂದೆ. ಸ್ಟಾಂಡಿಲ್ಲದ ಸೈಕಲ್ ಕೊಂಡು ಮಗು ಏನು ಕೈಯಲ್ಲಿ ಹಿಡಿದುಕೊಂಡು ನಿಲ್ಲಬೇಕೇ?

"ಬ್ಯಾಡ!" ಎಂದಳು ಅಕ್ಕ.

ಎಂದ ರೀತಿ ಹೇಗಿತ್ತೆಂದರೆ ಮೂಲೆಯಲ್ಲಿ ಗಾಳಿ ಹೊಡೆಯುತ್ತಿದ್ದವನು ಪಂಪು ಬಿಟ್ಟು ತಿರುಗಿ ನೋಡಿದ. ನಮ್ಮ ಅಕ್ಕ ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತಿಯಾದವಳು. ಬೀಗ ಹಾಕಿದ ಮೇಲೆ ಎಳೆದು ನೋಡಿ, ನಾಲ್ಕು ಹೆಜ್ಜೆ ಹೋಗಿ, ವಾಪಸ್ ಬಂದು ಮತ್ತೆ ಎಳೆದು ನೋಡುವ ಜಾತಿ. ಅಂಥವಳು ಸ್ಟಾಂಡ್ ಬೇಡ ಎನ್ನುವುದೆಂದರೇನು?

"ಯಾಕಕ್ಕಾ?"

"ಬ್ಯಾಡಂದ್ರ ಬ್ಯಾಡ. ಆಕೀಗೆ ಬೇಕಾದ್ರ ಆಕಿನೇ ಹಾಕಿಸಿಕೋತಾಳ."

ಸೈಕಲ್ ಜೋಡಿಸುವುದಕ್ಕೆ ಹೊತ್ತಾಗುತ್ತದೆ ಎಂದರು. ನಾವಿಬ್ಬರೂ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತೆವು. ಅಲ್ಲಿ ಅಕ್ಕ ಬಾಯಿ ಬಿಟ್ಟಳು. ಈಗ ನಿಮಗೆ ಹೇಳಲಿರುವುದರಲ್ಲಿ ಅರ್ಧ ನಾನು ಚಿಕ್ಕವಳಿದ್ದಾಗ ಕಣ್ಣಾರೆ ಕಂಡದ್ದು, ಇನ್ನರ್ಧ ಆ ಬೆಂಚಿನ ಮೇಲೆ ಕೇಳಿದ್ದು. ಎರಡನ್ನೂ ಸೇರಿಸಿದಾಗಿನಿಂದ ನನಗೆ ಮನಸ್ಸಿಗೆ ಸಮಾಧಾನವಿಲ್ಲ, ಅದಕ್ಕೇ ನಿಮ್ಮ ಮುಂದೆ ಕೂತಿದ್ದೇನೆ.

ಮೊದಲು ನಮ್ಮ ಅಪ್ಪನ ವಿಷಯ ಹೇಳಬೇಕು. ಅಪ್ಪ ರಾಯಚೂರು ಕಡೆಯವನು, ಉಪ್ಪಲ್ ಕಡೆಯ ಒಂದು ಸರಕಾರಿ ಕಾರ್ಖಾನೆಯಲ್ಲಿ ಫಿಟ್ಟರ್. ನಮಗೆ ಕಾರ್ಖಾನೆಯದೇ ಕ್ವಾರ್ಟರ್ಸು. ಬಾಗಿಲ ಒಳಗೆ ಕನ್ನಡ, ಬಾಗಿಲ ಹೊರಗೆ ತೆಲುಗು, ಬಜಾರಿನಲ್ಲಿ ಹಿಂದಿ. ಅಪ್ಪನಿಗೆ ಜಗತ್ತಿನಲ್ಲಿ ಸಹಿಸಲಾಗದ ವಸ್ತುಗಳು ಎರಡು: ಒಂದು ಸಡಿಲಾದ ನಟ್ಟು, ಇನ್ನೊಂದು ಸೈಕಲ್ ಸ್ಟಾಂಡು. ನಟ್ಟಿನ ವಿಷಯ ಅರ್ಥವಾಗುತ್ತದೆ, ಅವನ ಅನ್ನದ ಕಸುಬು. ಸ್ಟಾಂಡಿನ ಮೇಲೆ ಯಾಕೆ ಸಿಟ್ಟು ಎಂದರೆ, ಕಾರ್ಖಾನೆಯ ಶೆಡ್ಡಿನಲ್ಲಿ ನೆಲಕ್ಕೆ ಸಿಮೆಂಟಿನ ಗಾಲಿ ಸಂದುಗಳಿದ್ದವು. ಮುಂದಿನ ಗಾಲಿ ತೂರಿಸಿದರೆ ಮುಗಿಯಿತು, ಸೈಕಲ್ ಅಲುಗದೆ ನಿಲ್ಲುತ್ತಿತ್ತು. ಸ್ಟಾಂಡ್ ಇಟ್ಟುಕೊಂಡವರೆಲ್ಲ ಸುಮ್ಮನೆ ಕಬ್ಬಿಣ ಹೊತ್ತು ತಿರುಗುವ ದಡ್ಡರು ಎಂದು ಅಪ್ಪನ ತೀರ್ಮಾನ.

"ಸೈಕಲ್ ನಿಂದ್ರಸಾಕ ತೆಲಿ ಬೇಕು, ಸ್ಟಾಂಡ್ ಅಲ್ಲ," ಎನ್ನುತ್ತಿದ್ದ.

ತಲೆ ಇತ್ತು ಅವನಿಗೆ. ಮನೆ ಮುಂದಿನ ಮೆಟ್ಟಿಲಿಗೆ ಸೈಕಲ್ ತಂದು, ಪೆಡಲನ್ನು ಹಿಂದಕ್ಕೆ ತಿರುಗಿಸಿ ಮೆಟ್ಟಿಲ ಅಂಚಿಗೆ ಕೂರಿಸಿದನೆಂದರೆ ನಾವು ಜೋತುಬಿದ್ದರೂ ಬೀಳುತ್ತಿರಲಿಲ್ಲ. ಗೋಡೆಗೆ ಆನಿಸುವಾಗ ಹ್ಯಾಂಡಲ್ ಆನಿಸಬಾರದು, ಸೀಟು ಆನಿಸಬೇಕು, ಹಿಂದಿನ ಗಾಲಿ ಗೋಡೆಯಿಂದ ಒಂದು ಗೇಣು ದೂರವಿರಬೇಕು, ಮುಂದಿನ ಗಾಲಿಯನ್ನು ಗೋಡೆಯ ಕಡೆಗೇ ಹೊರಳಿಸಬೇಕು. ಇಳಿಜಾರಿದ್ದರೆ ಹಳೆಯ ಟ್ಯೂಬಿನ ರಬ್ಬರ್ ಪಟ್ಟಿಯಿಂದ ಬ್ರೇಕು ಹಿಡಿದಂತೆ ಕಟ್ಟಿಬಿಡಬೇಕು, ಗಾಲಿ ಉರುಳುವುದಿಲ್ಲ. ಆಸರೆಗೆ ಏನೂ ಸಿಗದಿದ್ದರೆ ನೆಲಕ್ಕೆ ಮಲಗಿಸಬೇಕು, ಆದರೆ ಚೈನಿನ ಕಡೆ ಮೇಲೆ ಬರಬೇಕು. ಇನ್ನು ಸ್ಟಾಂಡಿಲ್ಲದ ಎರಡು ಸೈಕಲ್‌ಗಳಿದ್ದರೆ ಅದಕ್ಕಿಂತ ಸುಖವಿಲ್ಲ. ಒಂದರ ಮುಖ ಆ ಕಡೆ, ಇನ್ನೊಂದರ ಮುಖ ಈ ಕಡೆ ಮಾಡಿ, ಸೀಟಿಗೆ ಸೀಟು ತಾಗಿಸಿ, ಪೆಡಲುಗಳನ್ನು ಒಂದರೊಳಗೊಂದು ಸಿಕ್ಕಿಸಿ ಬಿಟ್ಟರೆ ಗಾಳಿ ಬೀಸಿದರೂ ಬೀಳುವುದಿಲ್ಲ. ಇದಿಷ್ಟನ್ನೂ ಅಪ್ಪ ಭಾನುವಾರ ಬೆಳಿಗ್ಗೆ ನಮಗೆ ಪಾಠ ಮಾಡುತ್ತಿದ್ದ. ನಾನು ಪಾಠವನ್ನು ಚೆನ್ನಾಗಿ ಕಲಿತೆ, ಸೈಕಲ್ಲನ್ನು ಮಾತ್ರ ಕಲಿಯಲಿಲ್ಲ. ಕಲಿಯಲು ಹೋದ ಮೊದಲ ದಿನವೇ ಹಾಲಿನ ಬೂತಿನ ಮುಂದೆ ಸಾಲಿಗೆ ನಿಂತಿದ್ದ ಹೆಂಗಸರ ನಡುವೆ ನುಗ್ಗಿ, ಜನ್ಮಕ್ಕೆ ಸಾಕಾಗುವಷ್ಟು ಬೈಗುಳ ತಿಂದು, ಕ್ಯಾರಿಯರ್ ಮೇಲೆ ಕೂರುವವಳಾಗಿಯೇ ಉಳಿದುಬಿಟ್ಟೆ.

ಅಕ್ಕ ಹಾಗಲ್ಲ. ಡಿಗ್ರಿ ಮುಗಿಸಿ, ಬ್ಯಾಂಕ್ ಪರೀಕ್ಷೆಯ ಕೋಚಿಂಗ್‌ಗೆಂದು ಕ್ವಾರ್ಟರ್ಸಿನಿಂದ ದಿಲ್‌ಸುಖ್‌ನಗರದವರೆಗೆ ದಿನಾ ಸೈಕಲ್ ತುಳಿಯುತ್ತಿದ್ದಳು. ಈಗಿನ ಮೆಟ್ರೋ ಕಂಬಗಳ ಸುದ್ದಿಯೇ ಇಲ್ಲದ ಕಾಲ ಅದು, ನಾಗೋಲ್ ದಾಟಿದರೆ ಎರಡೂ ಬದಿ ಬಯಲು. ಆ ಸೈಕಲ್ಲು, ವರ್ಗವಾಗಿ ಹೋದ ಒಬ್ಬ ಸಹೋದ್ಯೋಗಿಯಿಂದ ಅಪ್ಪ ಕೊಂಡದ್ದು. ಮುರಿದ ಸ್ಟಾಂಡೊಂದು ಅದಕ್ಕೆ ನೇತಾಡುತ್ತಿತ್ತು, ಅದನ್ನು ಅಪ್ಪ ಮನೆಗೆ ತರುವ ಮೊದಲೇ ಬಿಚ್ಚಿ ಎಸೆದಿದ್ದ.

ಕೋಚಿಂಗ್ ಸೆಂಟರ್ ಒಂದು ಸಂದಿಯಲ್ಲಿತ್ತಂತೆ. ಅಕ್ಕ ಬೆಂಚಿನ ಮೇಲಿಂದಲೇ ಕೈ ತೋರಿಸಿದಳು. ಈಗ ಅಲ್ಲಿ ಸೀರೆ ಅಂಗಡಿ, ಅದರ ಮೇಲೆ ಹಾಸ್ಟೆಲು. ಆಗ ಗೇಟಿನಲ್ಲಿ ಒಬ್ಬ ಮುದುಕ ಕಾವಲಿಗಿದ್ದ, ಎಲ್ಲರೂ ಚಾಚಾ ಎನ್ನುತ್ತಿದ್ದರು. ಜಾಗ ಅಂಗೈಯಷ್ಟು, ಸೈಕಲ್‌ಗಳು ರಾಶಿ. ಅದಕ್ಕೆ ಚಾಚಾ ಒಂದು ಕಾನೂನು ಮಾಡಿದ್ದ. ಸ್ಟಾಂಡ್ ಇರುವವು ಗೇಟಿನ ಬಳಿ ಸಾಲಾಗಿ ನಿಲ್ಲಬೇಕು, ಸ್ಟಾಂಡ್ ಇಲ್ಲದವು ಕಟ್ಟಡದ ಹಿಂದೆ ಹೋಗಬೇಕು. ಹಿಂದಿನ ಗೋಡೆ ಪಕ್ಕದ ಮನೆಯವರದು, ಸುಣ್ಣ ಕೆಡುತ್ತದೆಂದು ಅವರು ಜಗಳವಾಡಿದ್ದರಿಂದ ಗೋಡೆಗೆ ಆನಿಸುವಂತಿರಲಿಲ್ಲ. ಹಾಗಾಗಿ ಹಿಂದೆ ಹೋದವರೆಲ್ಲ ಒಂದಕ್ಕೊಂದು ಆನಿಸಿ ನಿಲ್ಲಿಸಬೇಕು. "ಜೋಡಿ ಲಗಾವ್, ಜೋಡಿ!" ಎಂದು ಚಾಚಾ ಕೂಗುತ್ತಿದ್ದ. ಯಾರು ಬಂದರೆ ಅವರ ಸೈಕಲ್ಲಿಗೆ ನಮ್ಮದು.

ಹಾಗೆ ಅಕ್ಕನ ಸೈಕಲ್ಲಿಗೆ ಜೋಡಿಯಾದದ್ದು ಒಂದು ಗಂಡಸರ ಸೈಕಲ್ಲು. ಹಳೆಯದು, ಕಪ್ಪಗಿನದು, ಚಿಕ್ಕಪ್ಪನಿಂದ ಬಂದದ್ದಂತೆ. ಅದರ ಯಜಮಾನನನ್ನು ಅಕ್ಕ ಇವತ್ತಿಗೂ 'ಅವರು' ಎಂದೇ ಹೇಳುತ್ತಾಳೆ. ನಾನೂ ಹಾಗೇ ಹೇಳುತ್ತೇನೆ.

ಈ ಜೋಡಿ ನಿಲ್ಲಿಸುವುದರಲ್ಲಿ ಒಂದು ತೊಡಕಿದೆ, ನೀವು ಯೋಚಿಸಿರಲಿಕ್ಕಿಲ್ಲ. ಒಬ್ಬರು ಬಂದು ತಮ್ಮದನ್ನು ಎಳೆದುಕೊಂಡರೆ ಇನ್ನೊಬ್ಬರದು ಧೊಪ್ಪೆಂದು ಬೀಳುತ್ತದೆ. ಗೋಡೆಗೆ ಆನಿಸಿ ಹೋಗೋಣವೆಂದರೆ ಗೋಡೆ ಮುಟ್ಟುವ ಹಾಗಿಲ್ಲ, ನೆಲಕ್ಕೆ ಮಲಗಿಸೋಣವೆಂದರೆ ಜಾಗವಿಲ್ಲ. ಹಾಗಾಗಿ ಮೊದಲು ಬಂದವರು ಎರಡನೆಯವರು ಬರುವತನಕ ಕಾಯಲೇಬೇಕು. ಅವರದು ಬೇರೆ ಬ್ಯಾಚು, ಅಕ್ಕನ ಕ್ಲಾಸು ಮುಗಿದು ಸ್ವಲ್ಪ ಹೊತ್ತಾದ ಮೇಲೆ ಮುಗಿಯುತ್ತಿತ್ತು. ಅಕ್ಕ ಮೊದಮೊದಲು ಗೊಣಗುತ್ತ ಕಾದಳಂತೆ. ಆಮೇಲೆ ಗೊಣಗದೆ ಕಾದಳು.

ಅವರು ಬಂದವರೇ ಮೊದಲು ಅಕ್ಕನ ಸೈಕಲ್ ಹಿಡಿದು ಅವಳ ಕೈಗೆ ಕೊಟ್ಟು, ಆಮೇಲೆ ತಮ್ಮದನ್ನು ಎತ್ತಿಕೊಳ್ಳುತ್ತಿದ್ದರು. ಒಂದು ವಾರ ಇಬ್ಬರೂ ತುಟಿ ಬಿಚ್ಚಲಿಲ್ಲ. ಒಂದು ದಿನ ಅವರು ಅವಸರದಲ್ಲಿ ಬಂದು, "ಭಾಳ ಹೊತ್ತಾತೇನ್ರಿ? ತಪ್ಪ ತಿಳಕೋಬ್ಯಾಡ್ರಿ," ಎಂದರು. ಅಕ್ಕನಿಗೆ ಜೀವ ಹಾರಿಹೋಯಿತಂತೆ. ಆ ಊರಲ್ಲಿ, ಮನೆಯ ಹೊಸ್ತಿಲಾಚೆ, ನಮ್ಮ ರಾಯಚೂರಿನ ಮಾತು! ಅವರು ಗದ್ವಾಲ ಕಡೆಯವರು, ತೆಲುಗಿನವರೇ, ಆದರೆ ಗಡಿ ದಾಟಿದರೆ ರಾಯಚೂರು. ಅವರ ಅಜ್ಜಿಯ ತವರು ರಾಯಚೂರು ಕಡೆ. ಅಕ್ಕ ಒಬ್ಬಳೇ ನೋಟ್ಸಿನಲ್ಲಿ ಏನೋ ಬರೆದುಕೊಳ್ಳುವಾಗ ಕನ್ನಡದಲ್ಲಿ ಲೆಕ್ಕ ಎಣಿಸುವುದನ್ನು ಕೇಳಿ ಪತ್ತೆ ಹಚ್ಚಿದ್ದರಂತೆ.

ಅಲ್ಲಿಂದ ಮಾತು. ಏನು ಮಾತಾಡುತ್ತಿದ್ದಿರಿ ಎಂದು ನಾನು ಕೇಳಿದ್ದಕ್ಕೆ ಅಕ್ಕ, "ಏನ್ ಮಾತಾಡ್ತೀವಿ, ಬಡ್ಡಿ ಲೆಕ್ಕ, ಜ್ವಾಳದ ರೊಟ್ಟಿ," ಎಂದಳು. ಅವರ ರೂಮಿನ ಮೆಸ್ಸಿನಲ್ಲಿ ಬರೀ ಅನ್ನವಂತೆ. ಅಕ್ಕ ಡಬ್ಬಿಯಲ್ಲಿ ಎರಡು ರೊಟ್ಟಿ, ಶೇಂಗಾ ಚಟ್ನಿ ಹೆಚ್ಚಿಗೆ ಕಟ್ಟಿಕೊಳ್ಳತೊಡಗಿದಳು. ಮಗಳು ಓದಿ ಓದಿ ಹಸಿಯುತ್ತಿದ್ದಾಳೆಂದು ಅವ್ವನಿಗೆ ಆನಂದ. ರೊಟ್ಟಿ ದಪ್ಪ ಮಾಡಿದಳು.

ಪರೀಕ್ಷೆ ಹತ್ತಿರ ಬಂದಾಗ ಅವರು ಒಂದು ದಿನ ಸೈಕಲ್ ಕೈಗೆ ಕೊಡುತ್ತ, "ಪರೀಕ್ಷಾ ಮುಗಿದ ಮ್ಯಾಲೆ ನಿಮಗೊಂದು ಮಾತು ಕೇಳೋದೈತ್ರಿ," ಎಂದರಂತೆ. ಈಗ ಕೇಳಿ ಎಂದರೆ, "ಈಗ ಬ್ಯಾಡ್ರಿ, ಲೆಕ್ಕ ತಪ್ತಾವ," ಎಂದು ನಕ್ಕರು. ಏನು ಕೇಳುತ್ತಾರೆಂದು ಅಕ್ಕನಿಗೆ ಗೊತ್ತಿತ್ತು. ಏನು ಹೇಳಬೇಕೆಂಬುದೂ ಗೊತ್ತಿತ್ತು. ಅಪ್ಪ ಅವ್ವ ಒಪ್ಪುತ್ತಾರೋ ಇಲ್ಲವೋ, ಅದೊಂದು ಗೊತ್ತಿರಲಿಲ್ಲ.

ಇತ್ತ ಮನೆಯಲ್ಲಿ ಅಕ್ಕ ದಿನಾ ತಡ. ಅವ್ವ ಬಾಗಿಲಲ್ಲಿ ನಿಂತು ಕಾಯುವವಳು. ಒಂದು ಸಂಜೆ ಊಟಕ್ಕೆ ಕೂತಾಗ ಅವ್ವ ಅಪ್ಪನೆದುರೇ ಕೇಳಿಬಿಟ್ಟಳು.

"ಕ್ಲಾಸು ಐದಕ್ಕ ಬಿಡ್ತಾರ ಅಂತಿ. ದಿನಾ ಕತ್ತಲಿ ಮಾಡಿಕೊಂಡು ಬರ್ತಿ. ಎಲ್ಲಿ ಇರ್ತಿ ನೀನು?"

ನಾನು ಅಕ್ಕನ ಪಕ್ಕದಲ್ಲೇ ಕೂತಿದ್ದೆ, ಚೆನ್ನಾಗಿ ನೆನಪಿದೆ. ಅಕ್ಕ ಸುಳ್ಳು ಹೇಳಲಿಲ್ಲ, ಅವಳಿಗೆ ಬರುವುದೂ ಇಲ್ಲ. "ಸೈಕಲ್ಲಿಗೆ ಸ್ಟಾಂಡ್ ಇಲ್ಲಲ್ಲಬೇ. ಇನ್ನೊಬ್ಬರ ಸೈಕಲ್ಲಿಗೆ ಆನಿಸಿ ನಿಂದ್ರಸಬೇಕು. ಅವರು ಬರೋತನ ಕಾಯಬೇಕು," ಎಂದಳು. ಅಕ್ಷರ ಅಕ್ಷರವೂ ನಿಜ.

ಅಪ್ಪ ತುತ್ತು ಅರ್ಧಕ್ಕೆ ನಿಲ್ಲಿಸಿದ. ಅವನ ಮುಖ ನೋಡಬೇಕಿತ್ತು. "ನನ್ನ ಮಗಳು ಯಾಕ ಇನ್ನೊಬ್ಬರ ಸಲುವಾಗಿ ಕಾದು ನಿಂದ್ರಬೇಕು?" ಎಂದ. ಕೈ ತೊಳೆದು ಎದ್ದುಹೋಗಿ ಹೊರಗೆ ಮೆಟ್ಟಿಲ ಮೇಲೆ ಕೂತ.

ಮುಂದಿನ ಭಾನುವಾರ, ಅಯ್ಯೋ, ಅಪ್ಪನ ಸಂಭ್ರಮ! ಜೀವಮಾನವಿಡೀ ಸ್ಟಾಂಡನ್ನು ಬೈದವನು ಮಗಳ ಸಲುವಾಗಿ ಉಪ್ಪಲ್ ರಸ್ತೆಯ ಮಿಸ್ತ್ರಿಯ ಹತ್ತಿರ ಹೋಗಿ ಹೊಳೆಯುವ ಹೊಸ ಸೈಡ್ ಸ್ಟಾಂಡ್ ಹಾಕಿಸಿಕೊಂಡು ಬಂದ. ಅಂಗಳದ ನಟ್ಟನಡುವೆ ಸೈಕಲ್ ನಿಲ್ಲಿಸಿ ದೂರ ಸರಿದು ನಿಂತ. ಗೋಡೆಯಿಲ್ಲ, ಮೆಟ್ಟಿಲಿಲ್ಲ, ಏನಿಲ್ಲ, ಸೈಕಲ್ ತಾನೇ ನಿಂತಿತ್ತು. ಅಕ್ಕಪಕ್ಕದ ಕ್ವಾರ್ಟರ್ಸಿನವರು ಬಂದು ನೋಡಿದರು, ನಿನ್ನ ಸೈಕಲ್ಲಿಗೆ ಸ್ಟಾಂಡೇ ಎಂದು ನಕ್ಕರು. ಅಪ್ಪ ನಾಚಿಕೊಂಡ. "ಹುಡುಗಿ ತ್ರಾಸ ಪಡಾಕತ್ತಿತ್ರಿ," ಎಂದ. ನಾನು ಚಪ್ಪಾಳೆ ತಟ್ಟಿದೆ. ಅಕ್ಕ ಬಾಗಿಲಲ್ಲಿ ನಿಂತಿದ್ದಳು.

"ಹೆಂಗೈತಿ, ಸರೋಜಿ?"

"ಛಂದ ಐತಪ್ಪಾ."

ಹೇಳಿ, ಬೇರೇನು ಹೇಳಲಾಗುತ್ತಿತ್ತು? ಸ್ಟಾಂಡ್ ಬೇಡವೆನ್ನಲು ಕಾರಣ ಬೇಕು. ಇದ್ದ ಕಾರಣ ಬಾಯಿಬಿಟ್ಟು ಹೇಳುವಂಥದ್ದಲ್ಲ.

ಸೋಮವಾರ ಚಾಚಾ ಗೇಟಿನಲ್ಲೇ ಸ್ಟಾಂಡ್ ನೋಡಿ, ಮುಬಾರಕ್ ಬೇಟಿ ಎಂದು, ಅಕ್ಕನ ಸೈಕಲ್ಲನ್ನು ತಾನೇ ಮುಂದಿನ ಸಾಲಿಗೆ ಸೇರಿಸಿಬಿಟ್ಟ. ಹಿಂದಕ್ಕೆ ಒಯ್ಯುತ್ತೇನೆಂದರೆ ಬಿಡಲಿಲ್ಲ, ಅಲ್ಲಿ ಜಾಗವೆಲ್ಲಿದೆ ಎಂದ. ಸಂಜೆ ಕ್ಲಾಸು ಬಿಟ್ಟಿತು. ಅಕ್ಕ ಗೇಟಿನ ಬಳಿ ಸೈಕಲ್ ಹಿಡಿದು ನಿಂತಳು. ಹುಡುಗಿಯರೆಲ್ಲ ಹೋದರು. ಚಾಚಾ ಬಂದು ಅಕ್ಕರೆಯಿಂದ, ಊರಿಗೆಲ್ಲ ಕೇಳುವ ಹಾಗೆ, "ಕಿಸ್ ಕಾ ಇಂತಜಾರ್ ಕರ್ ರಹೀ ಬೇಟಿ?" ಎಂದ. ಯಾರಿಗಾಗಿ ಕಾಯುತ್ತೀ ಮಗಳೇ ಎಂದು ಕೇಳಿದರೆ ಹೆಣ್ಣುಮಗಳು ಏನೆಂದು ಹೇಳಬೇಕು? ಕಾಯುವುದಕ್ಕೆ ಇದ್ದದ್ದು ಅದೊಂದೇ ನೆಪ, ಅದನ್ನು ಅಪ್ಪ ತೆಗೆದುಬಿಟ್ಟಿದ್ದ. ಅಕ್ಕ ಸೈಕಲ್ ಹತ್ತಿದಳು.

ಮರುದಿನ ಕ್ಲಾಸಿಗೆ ಹೋಗುವಾಗ ಮೆಟ್ಟಿಲ ಮೇಲೆ ಅವರು ಎದುರಾದರು. "ಸ್ಟಾಂಡ್ ಹಾಕಿಸಿಕೊಂಡ್ರಿ," ಎಂದರು. ಕೇಳಿದ್ದಲ್ಲ, ಹೇಳಿದ್ದು. ಹಿಂದೆ ಮುಂದೆ ಜನ. ನಾನಲ್ಲ, ನಮ್ಮಪ್ಪ ಎನ್ನುವಷ್ಟರಲ್ಲಿ ಅವರು ಮುಖ ತಗ್ಗಿಸಿ ಇಳಿದುಹೋದರು. ತಾವು ಕೇಳಬೇಕೆಂದಿದ್ದ ಮಾತಿಗೆ, ಕೇಳುವ ಮೊದಲೇ ಇವಳು ಉತ್ತರ ಕೊಟ್ಟಳು ಎಂದು ತಿಳಿದುಕೊಂಡಿದ್ದರು. "ಆವತ್ತು ಏನು ಪಾಠ ಆತೋ ನನಗ ಗೊತ್ತಿಲ್ಲ," ಎಂದಳು ಅಕ್ಕ.

ಆಮೇಲೆ ನಡೆದದ್ದನ್ನು ನಾನು ಕಂಡಿದ್ದೇನೆ. ಮಧ್ಯಾಹ್ನ ಅವ್ವ ಮಲಗಿದಾಗ ಅಕ್ಕ ಹಿತ್ತಲಲ್ಲಿ ಸೈಕಲ್ ಮಗ್ಗುಲಿಗೆ ಕುಕ್ಕರಗಾಲಲ್ಲಿ ಕೂತು, ನಟ್ಟು ತಿರುಗಿಸುವ ಅಪ್ಪನ ಪಾನಾ ಹಿಡಿದುಕೊಂಡು ಸ್ಟಾಂಡಿನ ಜೊತೆ ಗುದ್ದಾಡುತ್ತಿದ್ದಳು. ಏನು ಮಾಡುತ್ತೀ ಎಂದೆ. ಬಿಗಿ ಮಾಡಾಕತ್ತೀನಿ ಎಂದಳು. ಫಿಟ್ಟರ್ ಮಗಳಲ್ಲವೇ, ನಾನು ನಂಬಿದೆ. ಅವಳು ಸುಳ್ಳು ಹೇಳುವುದಿಲ್ಲ ಎಂದೆನಲ್ಲ, ಆವತ್ತು ಹೇಳಿದಳು.

ಸ್ಟಾಂಡ್ ಸಡಿಲಾಗಿ ಜೋತಾಡತೊಡಗಿತು. ನಿಲ್ಲಿಸಿದರೆ ಸೈಕಲ್ ವಾಲಿ ಬೀಳುತ್ತಿತ್ತು. ಚಾಚಾ ನೋಡಿ, ಇದು ಕೆಲಸಕ್ಕೆ ಬಾರದ್ದು, ಪೀಛೇ ಜಾವ್ ಎಂದ. ಅಕ್ಕ ಹಿಂದಕ್ಕೆ ಓಡಿಸಿಕೊಂಡು ಹೋದಳು. ಆ ಕಪ್ಪು ಸೈಕಲ್ಲು ಇನ್ನೊಂದಕ್ಕೆ ಜೋಡಿಯಾಗಿ ನಿಂತಿತ್ತು. ಮರುದಿನ ಬೇಗ ಹೋಗಿ ಕಾದು ನಿಂತಳು. ಅವರು ಬಂದರು, ಸ್ಟಾಂಡ್ ನೋಡಿದರು, ಅದರ ನಟ್ಟು ನೋಡಿದರು, ಅಕ್ಕನ ಬೆರಳಿಗೆ ಮೆತ್ತಿದ್ದ ಗ್ರೀಸು ನೋಡಿದರು. ತಮ್ಮ ಸೈಕಲ್ ತಂದು ಅವಳದಕ್ಕೆ ಆನಿಸಿದರು. "ಅಷ್ಟು ನಕ್ಕದ್ದನ್ನ ನಾ ಮತ್ತ ನೋಡ್ಲಿಲ್ಲ," ಎಂದಳು ಅಕ್ಕ. ಹೇಳುವಾಗ ಅವಳೂ ನಗುತ್ತಿದ್ದಳು. ಅರವತ್ತು ದಾಟಿದ ಹೆಂಗಸು.

ಆದರೆ ವಾರವೆಂದ ಮೇಲೆ ಭಾನುವಾರ ಬರಲೇಬೇಕಲ್ಲ. ಎಣ್ಣೆ ಡಬ್ಬಿ ಹಿಡಿದು ಕೂತ ಅಪ್ಪನ ಕಣ್ಣಿಗೆ ಸಡಿಲಾದ ನಟ್ಟು ಬಿತ್ತು. ಬಿಗಿದ. ಅಕ್ಕ ಬಿಚ್ಚಿದಳು. ಅಪ್ಪ ವಾಷರ್ ಹಾಕಿ ಬಿಗಿದ. ಅಕ್ಕ ವಾಷರ್ ಸಮೇತ ಬಿಚ್ಚಿದಳು. ಕಾರ್ಖಾನೆಯಲ್ಲಿ ಎಷ್ಟೆಲ್ಲ ದೊಡ್ಡ ಯಂತ್ರಗಳ ನಟ್ಟು ಕೂರಿಸಿದವನಿಗೆ ಮಗಳ ಸೈಕಲ್ಲಿನ ನಟ್ಟು ಸೋಲಿನ ರುಚಿ ತೋರಿಸುತ್ತಿತ್ತು. ಅವಮಾನವಾಗದೇ ಇರುತ್ತದೆಯೇ? ಒಂದು ಭಾನುವಾರ ನನ್ನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು, ಬರುವಾಗ ಮಿರ್ಚಿ ಬಜ್ಜಿ ಕೊಡಿಸುತ್ತೇನೆಂದು ಆಸೆ ತೋರಿಸಿ, ಅಕ್ಕನ ಸೈಕಲ್ಲಲ್ಲೇ ಮಿಸ್ತ್ರಿಯ ಅಂಗಡಿಗೆ ಜಗಳಕ್ಕೆ ಹೊರಟ.

"ಒಂದು ನಟ್ಟು ನಿಂದ್ರಸಾಕ ಬರಂಗಿಲ್ಲ, ಯಾವ ಸೀಮಿ ಮಿಸ್ತ್ರಿನೋ ನೀನು!" ಎಂದು ಕನ್ನಡದಲ್ಲಿ ಶುರು ಮಾಡಿ, ಅದು ಅವನಿಗೆ ತಿಳಿಯದೆಂದು ನೆನಪಾಗಿ ತೆಲುಗಿಗೆ ಹೊರಳಿದ. ಮಿಸ್ತ್ರಿ ತಾಯಿಯಾಣೆ ತನ್ನ ಕೆಲಸ ಸರಿಯಾಗಿದೆ ಎಂದ. ನಟ್ಟು ಬಿಚ್ಚಿ, ಬಿಸಿಲಿಗೆ ಹಿಡಿದು, ಅಪ್ಪನನ್ನು ಹತ್ತಿರ ಕರೆದು ಮೆಲ್ಲಗೆ ಏನೋ ಹೇಳಿದ. ಅಪ್ಪ ನಟ್ಟು ಕೈಗೆ ತೆಗೆದುಕೊಂಡ. ತಿರುಗಿಸಿ ತಿರುಗಿಸಿ ನೋಡಿದ. ಜಗಳ ಅಲ್ಲಿಗೆ ನಿಂತುಹೋಯಿತು. ಅಲ್ಲಿಂದ ನೇರ ಗ್ರಿಲ್ ಮಾಡುವ ವೆಲ್ಡಿಂಗ್ ಅಂಗಡಿಗೆ ಹೋದೆವು. ಕಿಡಿ ಹಾರುವಾಗ ನೋಡಬ್ಯಾಡ, ಕಣ್ಣು ಮುಚ್ಚಿಕೋ ಎಂದ. ಮುಚ್ಚಿಕೊಂಡೆ. ಮಿರ್ಚಿ ಕೊಡಿಸುವುದನ್ನು ಮರೆತ, ನಾನು ನೆನಪಿಸಿದರೂ ಕೇಳಿಸಿಕೊಳ್ಳಲಿಲ್ಲ. ದಾರಿಯುದ್ದಕ್ಕೂ ಒಂದು ಮಾತಿಲ್ಲ. ಮಿಸ್ತ್ರಿಯ ಹತ್ತಿರ ಜಗಳ ಸೋತದ್ದಕ್ಕೆ ಮುನಿಸು ಎಂದು ನಾನು ತಿಳಿದೆ. ಮಿರ್ಚಿ ತಪ್ಪಿದ್ದಕ್ಕೆ ನನ್ನದೂ ಮುನಿಸಿತ್ತು.

ಮನೆಗೆ ಬಂದು ಅಪ್ಪ ಸೈಕಲ್ ನಿಲ್ಲಿಸಿ, "ಇನ್ನ ಅದು ಬಿಚ್ಚಂಗಿಲ್ಲ," ಎಂದು ಒಳಗೆ ಹೋದ. ಅಕ್ಕ ಹತ್ತಿರ ಬಂದು ಕೂತು ನೋಡಿದಳು. ನಟ್ಟು, ಬೋಲ್ಟು ಒಂದಾಗಿ ಕರಗಿ ಕೂತಿತ್ತು.

ಮುಂದಿನದು ಹೇಳಲು ಹೆಚ್ಚೇನಿಲ್ಲ. ಅಕ್ಕನ ಸೈಕಲ್ಲು ಮುಂದಿನ ಸಾಲಿನಲ್ಲಿ ನಿಂತಿತು. ಎರಡು ದಿನ ಅವರು ಗೇಟಿನವರೆಗೆ ಬಂದು ಆ ವೆಲ್ಡಿಂಗನ್ನು ನೋಡಿ ಹೋದರು, ಇದು ಮನೆಯವರ ಉತ್ತರ ಎಂದುಕೊಂಡರೇನೋ. ಮೂರನೆಯ ದಿನದಿಂದ ಬೇರೆ ಬ್ಯಾಚಿಗೆ ಹೋದರೋ, ಊರಿಗೇ ಹೋದರೋ, ಕಾಣಲಿಲ್ಲ. ಯಾರನ್ನು ಕೇಳುವುದು, ಏನೆಂದು ಕೇಳುವುದು? ಪರೀಕ್ಷೆಯಾಯಿತು, ಅಕ್ಕ ಪಾಸಾದಳು, ಅಪ್ಪ ಕ್ವಾರ್ಟರ್ಸಿಗೆಲ್ಲ ಪೇಡೆ ಹಂಚಿದ. ಎರಡು ವರ್ಷಕ್ಕೆ ಮದುವೆ. ನಮ್ಮ ಭಾವ ಒಳ್ಳೆಯವರು, ಅವರ ಬಗ್ಗೆ ಒಂದು ಮಾತು ಕೆಟ್ಟದಾಗಿ ಹೇಳಿದರೆ ನನ್ನ ನಾಲಿಗೆ ಬಿದ್ದುಹೋದೀತು. ಬೆಂಚಿನ ಮೇಲೆ ಕೂತಿದ್ದಾಗಲೇ ಅವರ ಫೋನು ಬಂತು, ನೀರು ಕುಡಿದಿಯಾ, ಬಿಸಿಲಲ್ಲಿ ಕೂತಿಲ್ಲ ತಾನೇ ಎಂದು. ಅಕ್ಕ, "ಇಲ್ರಿ, ನೆಳ್ಳಾಗ ಅದೀನಿ," ಎಂದು ಮೆತ್ತಗೆ ಉತ್ತರ ಕೊಟ್ಟಳು. ಅವಳ ಸಂಸಾರದಲ್ಲಿ ಕೊರತೆಯಿಲ್ಲ. ಆದರೂ ಯಾರೂ ಕೆಟ್ಟವರಲ್ಲದೆ, ಯಾರೂ ಬೇಡವೆನ್ನದೆ, ಒಂದು ಮಾತು ಕೇಳದೆಯೇ ಉಳಿದುಹೋಯಿತಲ್ಲ ಎಂದು ಸಂಕಟವಾಯಿತು.

"ಅಪ್ಪಗ ಪಾಪ ಕಡೀತನ ಗೊತ್ತಾಗಲಿಲ್ಲ, ಅಲ್ಲೇನಕ್ಕಾ? ನಿನಗ ಭಾಳ ಉಪಕಾರ ಮಾಡೀನಿ ಅಂತ ತಿಳಕೊಂಡೇ ಹೋದ," ಎಂದೆ.

ಅಕ್ಕ ಫೋನನ್ನು ಚೀಲಕ್ಕೆ ಹಾಕಿದಳು. "ಗೊತ್ತಿತ್ತು," ಎಂದಳು.

ಅಪ್ಪ ಕೊನೆಯ ಸಲ ಆಸ್ಪತ್ರೆಯಲ್ಲಿದ್ದಾಗಿನ ಮಾತು. ಮಧ್ಯಾಹ್ನ ಅಕ್ಕ ಒಬ್ಬಳೇ ಹತ್ತಿರ ಕೂತಿದ್ದಳು. ಕಿತ್ತಳೆ ತೊಳೆ ಬಿಡಿಸಿ ಬಾಯಿಗಿಡುತ್ತಿದ್ದಳು. ಅಪ್ಪ ಅವಳ ಕೈ ಹಿಡಿದು ನಿಲ್ಲಿಸಿದನಂತೆ.

"ಸರೋಜಿ, ಆ ಸ್ಟಾಂಡಿನ ನಟ್ಟು ತಾನ ಸಡ್ಲ ಆಗಿದ್ದಲ್ಲ. ಮೂಲಿಗೆಲ್ಲ ಪಾನಾದ ಗೀರು ಇದ್ವು. ಮಿಸ್ತ್ರಿ ತೋರಿಸಿದ. ನೀನೇ ಬಿಚ್ಚತಿದ್ದಿ, ನನಗ ಆವತ್ತೇ ತಿಳೀತು."

ಅಕ್ಕ ಕೈಯಲ್ಲಿದ್ದ ತೊಳೆಯನ್ನು ತಟ್ಟೆಗಿಟ್ಟಳು.

"ಯಾಕ ಬಿಚ್ಚತಿ ಅಂತ ನಾ ಕೇಳಬೇಕಿತ್ತವ್ವಾ. ಕೇಳಿದ್ರ ನೀ ಹೇಳತಿದ್ದಿ. ನೀ ಹೇಳಿದ್ರ ನಾ ಏನಾರ ಮಾಡಬೇಕಾಗತಿತ್ತು. ಅದಕ್ಕ ಹೆದರಿ ವೆಲ್ಡಿಂಗ್ ಮಾಡಿಸಿದೆ."

"ನೀ ಏನಂದಿ?" ಎಂದೆ ನಾನು.

"ಏನ್ ಅನಲಿ. ಆ ಸ್ಟಾಂಡ್ ಹಿಮ್ಮಡಕ್ಕ ಬಡೀತಿತ್ತಪ್ಪಾ, ಅದಕ್ಕ ಬಿಚ್ಚತಿದ್ದೆ, ಮತ್ತೇನಿಲ್ಲ ಅಂದೆ. ಹೌದೇನವ್ವಾ ಅಂದ. ಆ ಕಡೆ ಹೊಳ್ಳಿ ಮಲಗಿದ."

"ನಂಬಿದನೇನು?"

"ಫಿಟ್ಟರ್ ಅಲ್ಲೇನು," ಎಂದಳು ಅಕ್ಕ.

ನನಗೆ ಅಪ್ಪನ ಮೇಲೆ ಸಿಟ್ಟು ಬಂತು. ಸತ್ತವನ ಮೇಲೆ ಸಿಟ್ಟು ಮಾಡಿ ಏನು ಬಂತು ಹೇಳಿ. ಹಿಂದೆಯೇ, ಇಷ್ಟು ವರ್ಷ ಅದನ್ನು ಎದೆಯಲ್ಲಿಟ್ಟುಕೊಂಡು, ಆ ಮಗಳ ಕೈಯಿಂದಲೇ ಉಂಡು, ಅವಳ ಮಕ್ಕಳನ್ನು ಹೆಗಲ ಮೇಲೆ ಹೊತ್ತು ತಿರುಗಿದನಲ್ಲ ಎಂದು ಪಾಪ ಎನ್ನಿಸಿತು. ಕೇಳದೆ ಕೂತವನೂ ಅವನೇ, ಕಡೆಗೆ ತಡೆಯಲಾರದೆ ಬಾಯಿ ಬಿಟ್ಟವನೂ ಅವನೇ. ಅಕ್ಕನ ಮೇಲೂ ಸಿಟ್ಟು ಬಂತು. ಆಗಲಾದರೂ ನಿಜ ಹೇಳಿದ್ದರೆ ಇಬ್ಬರೂ ಒಂದು ಸಲ ಅತ್ತಾದರೂ ಹಗುರಾಗುತ್ತಿದ್ದರು. ಆದರೆ ಸಾಯುವವನ ಮುಂದೆ ನಾನಾದರೂ ನಿಜ ಹೇಳುತ್ತಿದ್ದೆನೇ? ನೀವು ಹೇಳುತ್ತಿದ್ದಿರೇ?

ಸೈಕಲ್ಲು ತಯಾರಾಯಿತು. ಮಗ ಸಂಜೆ ಕಾರಿನಲ್ಲಿ ಬಂದು ಒಯ್ಯುತ್ತಾನೆಂದು ಅಂಗಡಿಯವನಿಗೆ ಹೇಳಿ ಅಕ್ಕ ಎದ್ದಳು. ಇಬ್ಬರೂ ಮೆಟ್ರೋ ಸ್ಟೇಷನ್ ಕಡೆ ನಡೆದೆವು. ಬಸ್ಸುಗಳ ಹಾರನ್ನು, ತಳ್ಳುಗಾಡಿಗಳ ಕೂಗು, ಕೋಚಿಂಗ್ ಬಿಟ್ಟು ಬರುವ ಹುಡುಗ ಹುಡುಗಿಯರ ನೂಕಾಟ. ಅಕ್ಕ ಅವರ ನಡುವೆ ದಾರಿ ಮಾಡಿಕೊಂಡು ಮುಂದೆ ಹೋಗುತ್ತಿದ್ದಳು, ನಾನು ಅವಳ ಬೆನ್ನು ನೋಡುತ್ತ ಹಿಂದೆ. ಇಷ್ಟು ವರ್ಷ ಒಂದೇ ಊರಲ್ಲಿದ್ದು ಇವಳನ್ನು ನಾನು ಏನೂ ಕೇಳಲೇ ಇಲ್ಲವಲ್ಲ ಎನ್ನಿಸಿತು. ಮೆಟ್ಟಿಲ ಬುಡದಲ್ಲಿ ಅವಳ ತೋಳು ಹಿಡಿದು ನಿಲ್ಲಿಸಿದೆ.

"ಅಕ್ಕಾ, ಅವರ ಹೆಸರೇನು?"

ಅವಳು ನನ್ನ ಮುಖ ನೋಡಿದಳು. ಬೈಯುತ್ತಾಳೇನೋ ಎಂದುಕೊಂಡೆ. ಸೆರಗಿನಿಂದ ಬಾಯಿ ಒರೆಸಿಕೊಂಡು ಹೆಸರು ಹೇಳಿದಳು. ಮನೆತನದ ಹೆಸರು ಸೇರಿಸಿ, ಪೂರ್ತಿಯಾಗಿ. ಹೇಳಿದವಳೇ ಯಾರಾದರೂ ಕೇಳಿಸಿಕೊಂಡರೇನೋ ಎಂದು ಆಚೀಚೆ ನೋಡಿದಳು.

ನನಗೆ ಸ್ಪಷ್ಟವಾಗಿ ಕೇಳಿಸಿತ್ತು.

"ಗದ್ದಲದಾಗ ತಿಳೀಲಿಲ್ಲಕ್ಕಾ," ಎಂದೆ. "ಇನ್ನೊಮ್ಮೆ ಹೇಳು."

ಅಕ್ಕ ಇನ್ನೊಮ್ಮೆ ಹೇಳಿದಳು. ಈ ಸಲ ಗಟ್ಟಿಯಾಗಿ.